ಡೇಟಾಬೇಸ್ ‘ಆಗಲ್ಲ’ ಅಂದಾಗ ಅದರ ಮಾತು ಪೂರ್ತಿ ಕೇಳಿ
ಹೊಸದಾಗಿ ಬ್ಯಾಕೆಂಡ್ ಕೆಲಸಕ್ಕೆ ಸೇರಿರುವವರಿಗೆ ಒಂದು ಬಹಿರಂಗ ಪತ್ರ



ನಿಮ್ಮ ಕೋಡ್ ರಿವ್ಯೂಗೆ ಬಂದಾಗ ನಾನು ಮೊದಲು ಹುಡುಕುವುದು ಕ್ಯಾಚ್ ಬ್ಲಾಕ್‌ಗಳನ್ನು. ಎಲ್ಲವೂ ಸರಿಯಾಗಿ ನಡೆದರೆ ಏನಾಗಬೇಕು ಅನ್ನುವುದನ್ನು ನೀವು ಚೆನ್ನಾಗಿಯೇ ಬರೆದಿರುತ್ತೀರಿ. ಕಾಲೇಜಿನ ಲ್ಯಾಬಿನಲ್ಲಿ, ಆನ್‌ಲೈನ್ ಕೋರ್ಸಿನಲ್ಲಿ, ಸಂದರ್ಶನದ ತಯಾರಿಯಲ್ಲಿ ಎಲ್ಲರೂ ಕಲಿಸಿದ್ದು ಅದನ್ನೇ. ಡೇಟಾಬೇಸ್ ‘ಆಗಲ್ಲ’ ಅಂದಾಗ ಏನು ಮಾಡಬೇಕು ಅನ್ನುವ ಜಾಗದಲ್ಲಿ ಮಾತ್ರ ಒಂದೋ ಖಾಲಿ ಬ್ಲಾಕ್ ಇರುತ್ತದೆ, ಇಲ್ಲವೇ ‘ಸಮ್‌ಥಿಂಗ್ ವೆಂಟ್ ರಾಂಗ್’ ಎಂಬ ಒಂದೇ ಸಾಲು. ಆ ಸಾಲನ್ನು ಓದಿದ ಬಳಕೆದಾರರಿಗೂ ಉಪಯೋಗವಿಲ್ಲ, ನಡುರಾತ್ರಿ ಲಾಗ್ ತೆರೆದು ಕೂತ ನಿಮ್ಮ ಸಹೋದ್ಯೋಗಿಗೂ ಉಪಯೋಗವಿಲ್ಲ.

ಈ ಪತ್ರ ಬರೆಯುತ್ತಿರುವುದು ಆ ಜಾಗದಲ್ಲಿ ಏನಿರಬೇಕು ಅಂತ ಹೇಳುವುದಕ್ಕೆ. ಪ್ರಾಜೆಕ್ಟಿನ ಟೂಲ್‌ಗಳ ವಿಷಯವನ್ನೂ ಇದರೊಳಗೇ ಹೇಳುತ್ತೇನೆ. ಡೇಟಾಬೇಸ್ ಕೊಡುವ ಎರರ್ ನಮ್ಮ ಕಿವಿಗೆ ಬೀಳುವುದು ಟೂಲ್‌ಗಳ ಮೂಲಕವೇ. ಬಿಲ್ಡ್ ಸ್ಕ್ರಿಪ್ಟ್, ಮೈಗ್ರೇಷನ್, ಬ್ಯಾಕಪ್, ಟೆಸ್ಟ್, ಲಾಗ್, ಇವುಗಳಲ್ಲಿ ಒಂದು ಎರರನ್ನು ನುಂಗಿದರೂ ಕೋಡ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಾಗುವುದಿಲ್ಲ.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ನಡೆದದ್ದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ತಡರಾತ್ರಿ ರೆಪ್ಲಿಕೇಷನ್ ಸರಿಪಡಿಸಲು ಹೊರಟ ಎಂಜಿನಿಯರೊಬ್ಬರು ಸೆಕೆಂಡರಿ ಸರ್ವರ್ ಅಂದುಕೊಂಡು ಪ್ರೈಮರಿ ಸರ್ವರಿನ ಡೇಟಾ ಡೈರೆಕ್ಟರಿಯನ್ನೇ ಅಳಿಸಿಬಿಟ್ಟರು. ಗೊತ್ತಾಗಿ ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಾವು ಕಲಿಯಬೇಕಾದದ್ದು ಇದರ ಮುಂದೆ ಇದೆ. ಬ್ಯಾಕಪ್ ಇದೆಯಲ್ಲ ಅಂತ ಎಸ್3 ಬಕೆಟ್ ತೆರೆದರೆ ಅದು ಖಾಲಿ. ಬ್ಯಾಕಪ್ ತೆಗೆಯಲು ದಿನವೂ ಓಡುತ್ತಿದ್ದ ಪಿಜಿ ಡಂಪ್ ಎಂಬ ಟೂಲ್ ದಿನವೂ ಸೋಲುತ್ತಿತ್ತು. ಸರ್ವರ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ಸ್ಕ್ರಿಪ್ಟ್ ಎತ್ತಿಕೊಳ್ಳುತ್ತಿದ್ದ ಪಿಜಿ ಡಂಪ್ 9.2. ಆವೃತ್ತಿ ಹೊಂದುವುದಿಲ್ಲ ಅಂತ ಅದು ಎರರ್ ಕೊಟ್ಟು ನಿಲ್ಲುತ್ತಿತ್ತು. ಆ ಎರರನ್ನು ತಿಳಿಸಲು ಕ್ರಾನ್ ಕಳಿಸುತ್ತಿದ್ದ ಇಮೇಲ್‌ಗಳಿಗೆ ಕಳಿಸಿದವರು ಅಸಲಿಯೇ ಎಂದು ತೋರಿಸುವ ಡಿಮಾರ್ಕ್ ವ್ಯವಸ್ಥೆ ಮಾಡಿರಲಿಲ್ಲ, ಹಾಗಾಗಿ ತೆಗೆದುಕೊಳ್ಳಬೇಕಾದ ಮೇಲ್ ಸರ್ವರ್ ಅವನ್ನು ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಕೊನೆಗೆ ಕಾಪಾಡಿದ್ದು ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ಒಬ್ಬರು ಕೈಯಾರೆ ತೆಗೆದಿದ್ದ ಒಂದು ಡಿಸ್ಕ್ ಸ್ನ್ಯಾಪ್‌ಶಾಟ್. ಆ ಆರು ಗಂಟೆಯ ಡೇಟಾ ವಾಪಸ್ ಬರಲೇ ಇಲ್ಲ.

ತಪ್ಪು ಟರ್ಮಿನಲ್ಲಿನಲ್ಲಿ ತಪ್ಪು ಕಮಾಂಡ್ ಹೊಡೆಯುವುದು ಯಾರಿಂದಲಾದರೂ ಆಗಬಹುದು. ದಿನವೂ ಬರುತ್ತಿದ್ದ ಎರರ್ ಯಾರಿಗೂ ಕೇಳದೇ ಹೋದದ್ದೇ ನಿಜವಾದ ಅನಾಹುತ. ಗಿಟ್‌ಲ್ಯಾಬ್ ಅಂದು ಏನಾಯಿತು ಅನ್ನುವುದನ್ನು ಯಾವುದನ್ನೂ ಮುಚ್ಚಿಡದೆ ಪ್ರಕಟಿಸಿತು. ಅದಕ್ಕಾಗಿ ನಾವೆಲ್ಲ ಆ ತಂಡಕ್ಕೆ ಋಣಿಗಳು. ಇಂಥ ವರದಿಗಳನ್ನು ಹುಡುಕಿ ಓದಿ. ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಕಲಿಸುತ್ತವೆ.

ನಿಮ್ಮ ಪ್ರಾಜೆಕ್ಟಿನಲ್ಲೂ ಇಂಥ ಕಿವುಡು ಜಾಗಗಳು ಇದ್ದೇ ಇರುತ್ತವೆ. ಪಿಜಿ ಡಂಪಿನ ಔಟ್‌ಪುಟ್ಟನ್ನು ಪೈಪ್ ಮಾಡಿ ಜಿಜಿಪ್‌ಗೆ ಕೊಡುವ ಬ್ಯಾಕಪ್ ಸ್ಕ್ರಿಪ್ಟ್ ಬಹಳ ಕಡೆ ಇದೆ. ಬ್ಯಾಶ್‌ನಲ್ಲಿ ಪೈಪಿನ ಎಕ್ಸಿಟ್ ಕೋಡ್ ಅಂದರೆ ಕೊನೆಯ ಕಮಾಂಡಿನ ಎಕ್ಸಿಟ್ ಕೋಡ್. ಪಿಜಿ ಡಂಪ್ ಅರ್ಧಕ್ಕೇ ಸತ್ತರೂ ಜಿಜಿಪ್ ತನಗೆ ಬಂದಷ್ಟನ್ನು ನೀಟಾಗಿ ಕಟ್ಟಿ ಸೊನ್ನೆ ಹಿಂತಿರುಗಿಸುತ್ತದೆ. ಸ್ಕ್ರಿಪ್ಟಿನ ಕಣ್ಣಿಗೆ ಎಲ್ಲವೂ ಸರಿ. ಮೇಲುಗಡೆ ‘ಸೆಟ್ ಮೈನಸ್ ಒ ಪೈಪ್‌ಫೇಲ್’ ಅಂತ ಒಂದು ಸಾಲು ಸೇರಿಸಿದರೆ ಈ ಮೋಸ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್‌ಗೆ ಆದೇಶ ಕೊಡುವ ಪಿಎಸ್‌ಕ್ಯೂಎಲ್ ಕೂಡ ಹಾಗೆಯೇ. ಒಂದು ಎಸ್‌ಕ್ಯೂಎಲ್ ಫೈಲ್ ಓಡಿಸಲು ಕೊಟ್ಟರೆ ಮೂರನೇ ಸಾಲಿನಲ್ಲಿ ಎರರ್ ಬಂದರೂ ಅದು ನಾಲ್ಕನೆಯದಕ್ಕೆ ಹೋಗುತ್ತದೆ, ಕೊನೆಯವರೆಗೂ ಓಡಿ ಸೊನ್ನೆಯನ್ನೇ ಕೊಡುತ್ತದೆ. ‘ಆನ್ ಎರರ್ ಸ್ಟಾಪ್’ ಎಂಬ ವೇರಿಯಬಲ್ಲನ್ನು 1 ಮಾಡಿದರೆ ಮಾತ್ರ ಮೊದಲ ಎರರಿಗೇ ನಿಲ್ಲುತ್ತದೆ. ನಿಮ್ಮ ಸಿಐ ಪೈಪ್‌ಲೈನ್‌ನಲ್ಲಿ ಈ ಎರಡೂ ಇವೆಯೇ ಅಂತ ಇವತ್ತೇ ನೋಡಿ, ಐದು ನಿಮಿಷದ ಕೆಲಸ.

ಭಾಷೆಗಳಲ್ಲೂ, ಲೈಬ್ರರಿಗಳಲ್ಲೂ ಇಂಥವು ಇವೆ. ಪಿಎಚ್‌ಪಿಯ ಪಿಡಿಒ 2020ರ ನವೆಂಬರಿನಲ್ಲಿ 8.0 ಆವೃತ್ತಿ ಬರುವವರೆಗೂ ಡೀಫಾಲ್ಟಾಗಿ ಮೌನವಾಗಿತ್ತು. ಕ್ವೆರಿ ಸೋತರೆ ಅದು ಸುಮ್ಮನೆ ಫಾಲ್ಸ್ ಕೊಡುತ್ತಿತ್ತು, ಎಕ್ಸೆಪ್ಷನ್ ಎಸೆಯುತ್ತಿರಲಿಲ್ಲ. ಹಳೆಯ ಪಿಎಚ್‌ಪಿ ಕೋಡ್ ನಿಮ್ಮ ಕೈಗೆ ಬಂದರೆ ಮೊದಲು ಎರರ್ ಮೋಡ್ ನೋಡಿ. ಗೋ ಭಾಷೆಯಲ್ಲಿ ಸಾಲುಗಳನ್ನು ಒಂದೊಂದಾಗಿ ಓದುವ ಲೂಪ್ ಮುಗಿದ ಮೇಲೆ ರೋಸ್ ಆಬ್ಜೆಕ್ಟಿನ ಎರ್ ಮೆಥಡ್ಡನ್ನು ಕರೆಯಲೇಬೇಕು. ಸಾವಿರ ಸಾಲುಗಳಲ್ಲಿ ಆರುನೂರು ಓದುವಷ್ಟರಲ್ಲಿ ಕನೆಕ್ಷನ್ ಕಡಿದರೂ ಲೂಪ್ ‘ಸಾಲು ಮುಗಿದವು’ ಅನ್ನುವಂತೆಯೇ ನಿಲ್ಲುತ್ತದೆ. ಎರ್ ಕೇಳದಿದ್ದರೆ ಆ ಆರುನೂರೇ ಪೂರ್ತಿ ಲೆಕ್ಕ ಅಂತ ರಿಪೋರ್ಟ್ ಹೊರಡುತ್ತದೆ. ಕಮಿಟ್ ಕೂಡ ಎರರ್ ಕೊಡಬಲ್ಲದು ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಡಿಫರ್ ಮಾಡಿದ ಕನ್‌ಸ್ಟ್ರೇಂಟ್‌ಗಳ ತಪಾಸಣೆ ನಡೆಯುವುದೇ ಕಮಿಟ್ ಹೊತ್ತಿಗೆ. ಇಂಥವುಗಳಲ್ಲಿ ಕೆಲವನ್ನು ಲಿಂಟರ್‌ಗಳು ಹಿಡಿಯುತ್ತವೆ: ಗೋಗೆ ಎರ್‌ಚೆಕ್, ಜಾವಾಸ್ಕ್ರಿಪ್ಟಿಗೆ ಈಎಸ್‌ಲಿಂಟಿನ ‘ನೋ ಎಂಪ್ಟಿ’ ನಿಯಮ, ಪೈಥಾನ್‌ನಲ್ಲಿ ಬರೀ ಎಕ್ಸೆಪ್ಟ್ ಬರೆದರೆ ರಫ್ ಎಚ್ಚರಿಸುತ್ತದೆ. ಲಿಂಟರ್ ಎಚ್ಚರಿಕೆಗೆ ಬಿಲ್ಡ್ ನಿಲ್ಲುವಂತೆ ಮಾಡಿ. ಎಚ್ಚರಿಕೆ ಮಾತ್ರ ತೋರಿಸುವ ಲಿಂಟರನ್ನು ಎರಡು ವಾರದ ಮೇಲೆ ಯಾರೂ ನೋಡುವುದಿಲ್ಲ.

ಈಗ ಎರರಿನ ಒಳಗೆ ಬರೋಣ. ಡೇಟಾಬೇಸ್ ಎರರ್ ಕೊಡುವಾಗ ವಾಕ್ಯದ ಜೊತೆ ಒಂದು ಕೋಡನ್ನೂ ಕೊಡುತ್ತದೆ. ಎಸ್‌ಕ್ಯೂಎಲ್ ಸ್ಟೇಟ್ ಎಂಬ ಐದು ಅಕ್ಷರದ ಕೋಡ್ ಅದು. ಮೊದಲ ಎರಡು ಅಕ್ಷರ ಯಾವ ವರ್ಗದ ತೊಂದರೆ ಅನ್ನುವುದನ್ನು ಹೇಳುತ್ತವೆ. 23 ಅಂದರೆ ಕನ್‌ಸ್ಟ್ರೇಂಟ್ ಮುರಿಯಿತು, 08 ಅಂದರೆ ಕನೆಕ್ಷನ್ ತೊಂದರೆ, 22 ಅಂದರೆ ಕೊಟ್ಟ ಡೇಟಾದಲ್ಲೇ ದೋಷ, 40 ಅಂದರೆ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಯಿತು. ಪೋಸ್ಟ್‌ಗ್ರೆಸ್‌ನಲ್ಲಿ 23505 ಎಂದರೆ ಯುನಿಕ್ ಮುರಿದಿದೆ, 23503 ಎಂದರೆ ಫಾರಿನ್ ಕೀ, 23502 ಎಂದರೆ ನಲ್ ಇರಬಾರದಲ್ಲಿ ನಲ್ ಬಂದಿದೆ. ವಾಕ್ಯವನ್ನು ಹುಡುಕಿ ತೀರ್ಮಾನ ಮಾಡುವ ಕೋಡ್ ಬರೆಯಬೇಡಿ. ‘ಡ್ಯೂಪ್ಲಿಕೇಟ್’ ಎಂಬ ಪದ ಮೆಸೇಜಿನಲ್ಲಿದೆಯೇ ಅಂತ ನೋಡುವ ಇಫ್ ಕಂಡರೆ ನಾನು ಪುಲ್ ರಿಕ್ವೆಸ್ಟನ್ನು ವಾಪಸ್ ಕಳಿಸುತ್ತೇನೆ. ಆವೃತ್ತಿ ಬದಲಾದರೆ, ಸರ್ವರಿನ ಭಾಷೆಯ ಸೆಟ್ಟಿಂಗ್ ಬದಲಾದರೆ ವಾಕ್ಯ ಬದಲಾಗುತ್ತದೆ. ಕೋಡ್ ಬದಲಾಗುವುದಿಲ್ಲ.

ಒಂದು ಉದಾಹರಣೆ ಹಿಡಿದು ಹತ್ತಿರದಿಂದ ನೋಡೋಣ. ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ಒಂದು ಆ್ಯಪ್ ಮಾಡುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಬೆಳಗ್ಗೆ, ಸಂಜೆ ಎರಡು ಹೊತ್ತು ಜನ ಡೇರಿಗೆ ಹಾಲು ಹಾಕುತ್ತಾರೆ. ಕಾರ್ಯದರ್ಶಿ ಲೀಟರ್, ಫ್ಯಾಟ್ ನಮೂದಿಸಿ ಸೇವ್ ಒತ್ತುತ್ತಾರೆ. ನೆಟ್‌ವರ್ಕ್ ಒಂದು ಗಳಿಗೆ ಇರುತ್ತದೆ, ಒಂದು ಗಳಿಗೆ ಇರುವುದಿಲ್ಲ. ಉತ್ತರ ಬರಲಿಲ್ಲ ಅಂತ ಮತ್ತೊಮ್ಮೆ ಒತ್ತುತ್ತಾರೆ. ಒಬ್ಬರ ಲೆಕ್ಕಕ್ಕೆ ಒಂದೇ ಹಾಲು ಎರಡು ಸಲ ಬೀಳಬಾರದು.

ಹೊಸಬರು ಮೊದಲು ಬರೆಯುವುದು ಹೀಗೆ: ಈ ಸದಸ್ಯರ ಇವತ್ತಿನ ಬೆಳಗಿನ ನಮೂದು ಇದೆಯೇ ಅಂತ ಸೆಲೆಕ್ಟ್ ಮಾಡು, ಇಲ್ಲದಿದ್ದರೆ ಇನ್ಸರ್ಟ್ ಮಾಡು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದು ಸದಾ ಸರಿಯಾಗಿಯೇ ಓಡುತ್ತದೆ. ಸರ್ವರಿನಲ್ಲಿ ಎರಡು ರಿಕ್ವೆಸ್ಟ್‌ಗಳು ಒಟ್ಟಿಗೆ ಬಂದರೆ ಎರಡೂ ಸೆಲೆಕ್ಟ್ ಮಾಡುತ್ತವೆ, ಎರಡಕ್ಕೂ ‘ಇಲ್ಲ’ ಅನ್ನುವ ಉತ್ತರ ಬರುತ್ತದೆ, ಎರಡೂ ಇನ್ಸರ್ಟ್ ಮಾಡುತ್ತವೆ. ಕೇಳುವುದಕ್ಕೂ ಬರೆಯುವುದಕ್ಕೂ ನಡುವೆ ಇರುವ ಆ ಚಿಕ್ಕ ಸಂದಿಯನ್ನು ಮುಚ್ಚಬಲ್ಲದ್ದು ಡೇಟಾಬೇಸ್ ಒಂದೇ. ಸದಸ್ಯ, ದಿನಾಂಕ, ಹೊತ್ತು, ಈ ಮೂರರ ಮೇಲೆ ಯುನಿಕ್ ಕನ್‌ಸ್ಟ್ರೇಂಟ್ ಹಾಕಿ, ಸೆಲೆಕ್ಟ್ ಬಿಟ್ಟು ನೇರ ಇನ್ಸರ್ಟ್ ಮಾಡಿ, 23505 ಬಂದರೆ ‘ಆಗಲೇ ದಾಖಲಾಗಿದೆ’ ಅಂತ ತಿಳಿಯಿರಿ. ಇಲ್ಲಿ ಆ ಎರರ್ ಸೋಲಲ್ಲ, ಬೇಕಾದ ಉತ್ತರವೇ.

ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ, ಡೇರಿಗೆ ಹೋಗಿ ನಿಂತು ನೋಡಿ. ಒಂದೇ ಮನೆಯವರು ಹಸುವಿನ ಹಾಲು ಬೇರೆ, ಎಮ್ಮೆಯ ಹಾಲು ಬೇರೆ ತರುತ್ತಾರೆ. ಮೊದಲು ಅಪ್ಪ ಬಂದು ಒಂದು ಕ್ಯಾನ್ ಹಾಕಿ ಹೋದ ಮೇಲೆ ಮಗಳು ಇನ್ನೊಂದು ತರಬಹುದು. ನೀವು ಹಾಕಿದ ಕನ್‌ಸ್ಟ್ರೇಂಟ್ ಆ ಎರಡನೇ ಕ್ಯಾನನ್ನು ‘ಆಗಲೇ ದಾಖಲಾಗಿದೆ’ ಅಂತ ಬಿಟ್ಟುಬಿಡುತ್ತದೆ, ಒಂದು ಮನೆಯ ದುಡ್ಡು ಹೋಗುತ್ತದೆ. ಇಲ್ಲಿ ತಡೆಯಬೇಕಾದದ್ದು ಎರಡನೇ ಹಾಲನ್ನಲ್ಲ, ಒಂದೇ ರಿಕ್ವೆಸ್ಟ್ ಎರಡು ಸಲ ಬರುವುದನ್ನು. ಅದಕ್ಕೆ ಕಾರ್ಯದರ್ಶಿಯ ಫೋನಿನಲ್ಲಿ, ಆ ನಮೂದು ಹುಟ್ಟಿದಾಗಲೇ ಒಂದು ಯುಯುಐಡಿ ಹುಟ್ಟಬೇಕು, ಕಳಿಸುವ ಮೊದಲೇ ಫೋನಿನಲ್ಲಿ ಉಳಿಯಬೇಕು, ಎಷ್ಟು ಸಲ ಮರಳಿ ಕಳಿಸಿದರೂ ಅದೇ ಹೋಗಬೇಕು. ಸರ್ವರಿನಲ್ಲಿ ಯುನಿಕ್ ಇರಬೇಕಾದದ್ದು ಆ ಐಡಿಯ ಮೇಲೆ. ಪ್ರತಿ ಪ್ರಯತ್ನಕ್ಕೂ ಹೊಸ ಐಡಿ ಹುಟ್ಟಿಸಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಅದೇ ಐಡಿ ಬೇರೆ ಲೀಟರ್ ಲೆಕ್ಕದೊಂದಿಗೆ ಬಂದರೆ ಅದನ್ನು ನುಂಗಬೇಡಿ, ಎದ್ದು ಕಾಣುವ ಎರರ್ ಮಾಡಿ. ಫೋನಿನ ಕಡೆ ಏನೋ ಕೆಟ್ಟಿದೆ ಅಂತ ಅದರ ಅರ್ಥ.

ಕನ್‌ಸ್ಟ್ರೇಂಟ್‌ಗೆ ನೀವೇ ಹೆಸರಿಡಿ. ಪೋಸ್ಟ್‌ಗ್ರೆಸ್ ಎರರಿನ ಜೊತೆ ಯಾವ ಕನ್‌ಸ್ಟ್ರೇಂಟ್ ಮುರಿಯಿತು ಅನ್ನುವ ಹೆಸರನ್ನೂ ಪ್ರತ್ಯೇಕವಾಗಿ ಕೊಡುತ್ತದೆ. ಹೆಸರಿನಿಂದ ಕನ್ನಡ ಸಂದೇಶಕ್ಕೆ ಒಂದು ಪಟ್ಟಿ ಮಾಡಿಟ್ಟುಕೊಂಡರೆ ಕಾರ್ಯದರ್ಶಿಗೆ ‘ಈ ಸದಸ್ಯರ ಸಂಖ್ಯೆ ಸಂಘದಲ್ಲಿ ಇಲ್ಲ’ ಅಂತ ತಿಳಿಯುವ ಮಾತಿನಲ್ಲೇ ಹೇಳಬಹುದು. ಪೋಸ್ಟ್‌ಗ್ರೆಸ್ 9.5ರಿಂದ ‘ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್’ ಇದೆ, ಎರರೇ ಬರದಂತೆ ಮಾಡುತ್ತದೆ. ಬಳಸಿ, ಆದರೆ ಯಾವ ಕಾಲಂ ಮೇಲಿನ ಘರ್ಷಣೆ ಅನ್ನುವುದನ್ನು ಬರೆದೇ ಬಳಸಿ. ಬರೆಯದಿದ್ದರೆ ನೀವು ಊಹಿಸದ ಯುನಿಕ್ ಕನ್‌ಸ್ಟ್ರೇಂಟ್‌ಗಳ ಘರ್ಷಣೆಯೂ ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಮೈಎಸ್‌ಕ್ಯೂಎಲ್‌ನ ‘ಇನ್ಸರ್ಟ್ ಇಗ್ನೋರ್’ ಇನ್ನೂ ಅಪಾಯ. ಅದು ನಕಲನ್ನಷ್ಟೇ ಬಿಡುವುದಿಲ್ಲ, ತಪ್ಪು ದಿನಾಂಕ, ಉದ್ದ ಮೀರಿದ ಹೆಸರು, ಇಲ್ಲದ ಫಾರಿನ್ ಕೀ ಎಲ್ಲವನ್ನೂ ಬರೀ ಎಚ್ಚರಿಕೆಗೆ ಇಳಿಸಿಬಿಡುತ್ತದೆ. ಅದನ್ನು ಬಳಸಬೇಡಿ ಅಂತಲೇ ನನ್ನ ಸಲಹೆ.

ಎರರನ್ನು ಹಿಡಿದ ಮೇಲೆ ಟ್ರಾನ್ಸಾಕ್ಷನ್ ಯಾವ ಸ್ಥಿತಿಯಲ್ಲಿದೆ ಅನ್ನುವುದು ಮುಂದಿನ ಪ್ರಶ್ನೆ. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ ಒಳಗೆ ಒಂದು ಆದೇಶ ಸೋತರೆ ಇಡೀ ಟ್ರಾನ್ಸಾಕ್ಷನ್ ಕೆಟ್ಟಿತು. ಆಮೇಲೆ ಏನು ಕಳಿಸಿದರೂ 25ಪಿ02 ಎಂಬ ಎರರ್ ಬರುತ್ತದೆ: ಈ ಟ್ರಾನ್ಸಾಕ್ಷನ್ ಆಗಲೇ ನಿಂತಿದೆ, ಮುಗಿಸುವವರೆಗೆ ಏನನ್ನೂ ಕೇಳುವುದಿಲ್ಲ ಅಂತ. ಲಾಗ್‌ನಲ್ಲಿ ಇದೇ ಎರರ್ ಸಾಲುಗಟ್ಟಿ ನಿಂತಿರುತ್ತದೆ, ಹೊಸಬರು ಕೊನೆಯ ಸಾಲು ಹಿಡಿದು ಅರ್ಧ ದಿನ ಹುಡುಕುತ್ತಾರೆ. 25ಪಿ02 ಕಂಡ ಕೂಡಲೇ ಮೇಲಕ್ಕೆ ಹೋಗಿ, ಮೊದಲ ಎರರ್ ಹುಡುಕಿ. ಕಾಯಿಲೆ ಅಲ್ಲಿದೆ. ಒಂದು ಆದೇಶ ಸೋತರೂ ಉಳಿದದ್ದು ಮುಂದುವರಿಯಬೇಕೆಂದರೆ ಅದಕ್ಕೆ ಮುಂಚೆ ಸೇವ್‌ಪಾಯಿಂಟ್ ಇಡಿ.

ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೊಂದು ಬಲೆ ಇದೆ, ಇದನ್ನು ಬಲ್ಲವರು ಕಡಿಮೆ. ಡೆಡ್‌ಲಾಕ್ ಆದರೆ 1213 ಬರುತ್ತದೆ, ಇಡೀ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗಿರುತ್ತದೆ. ಲಾಕ್‌ಗಾಗಿ ಕಾದು ಸಮಯ ಮೀರಿದರೆ 1205 ಬರುತ್ತದೆ, ಆ ಕಾಯುವಿಕೆ ಡೀಫಾಲ್ಟಾಗಿ 50 ಸೆಕೆಂಡ್. ಈ ಎರಡನೆಯದರಲ್ಲಿ ಡೀಫಾಲ್ಟ್ ಸೆಟ್ಟಿಂಗ್ ಪ್ರಕಾರ ರೋಲ್‌ಬ್ಯಾಕ್ ಆಗುವುದು ಆ ಒಂದು ಆದೇಶ ಮಾತ್ರ. ಟ್ರಾನ್ಸಾಕ್ಷನ್ ಇನ್ನೂ ತೆರೆದೇ ಇರುತ್ತದೆ. ಒಬ್ಬರ ಖಾತೆಯಿಂದ ಕಳೆದು ಇನ್ನೊಬ್ಬರ ಖಾತೆಗೆ ಕೂಡಿಸುವಾಗ ಕೂಡಿಸುವ ಆದೇಶಕ್ಕೆ 1205 ಬಂದು, ನಿಮ್ಮ ಕೋಡ್ ಅದನ್ನು ನುಂಗಿ ಕಮಿಟ್ ಮಾಡಿದರೆ, ಕಳೆದದ್ದು ಉಳಿಯುತ್ತದೆ, ಕೂಡಿಸಿದ್ದು ಇಲ್ಲ. ಆದ್ದರಿಂದ ಯಾವ ಡೇಟಾಬೇಸ್ ಆಗಲಿ, ಎರರ್ ಬಂದರೆ ನೀವೇ ಸ್ಪಷ್ಟವಾಗಿ ರೋಲ್‌ಬ್ಯಾಕ್ ಕಳಿಸಿ.

ಮರುಪ್ರಯತ್ನ ಮಾಡಬೇಕಾದ ಎರರ್‌ಗಳು ಕೆಲವೇ. ಪೋಸ್ಟ್‌ಗ್ರೆಸ್‌ನಲ್ಲಿ ಮುಖ್ಯವಾಗಿ 40001 ಮತ್ತು 40ಪಿ01, ಅಂದರೆ ಸೀರಿಯಲೈಸೇಷನ್ ಸೋಲು ಮತ್ತು ಡೆಡ್‌ಲಾಕ್. ಇಲ್ಲಿ ಡೇಟಾಬೇಸ್ ಹೇಳುತ್ತಿರುವುದು ‘ನಿನ್ನ ತಪ್ಪೇನಿಲ್ಲ, ಮತ್ತೊಮ್ಮೆ ಬಾ’ ಅಂತ. ಮತ್ತೊಮ್ಮೆ ಅಂದರೆ ಸೋತ ಆದೇಶವನ್ನಲ್ಲ, ಟ್ರಾನ್ಸಾಕ್ಷನ್ನನ್ನು ಬಿಗಿನ್‌ನಿಂದ, ಓದುವುದನ್ನೂ ಸೇರಿಸಿ. ಹಳೆಯ ಓದನ್ನು ಇಟ್ಟುಕೊಂಡು ಬರೆಯುವುದನ್ನಷ್ಟೇ ಮರಳಿ ಮಾಡಿದರೆ ಹಳಸಿದ ಲೆಕ್ಕವನ್ನೇ ಬರೆದಂತೆ. ಮೂರೋ ಐದೋ ಸಲಕ್ಕೆ ಮಿತಿ ಇಡಿ, ನಡುವಿನ ಕಾಯುವಿಕೆ ಪ್ರತಿ ಸಲ ಹೆಚ್ಚುತ್ತಾ ಹೋಗಲಿ, ಅದರಲ್ಲಿ ಸ್ವಲ್ಪ ಯಾದೃಚ್ಛಿಕ ವ್ಯತ್ಯಾಸ ಇರಲಿ. ಇಲ್ಲದಿದ್ದರೆ ಒಟ್ಟಿಗೆ ಬಿದ್ದವರು ಒಟ್ಟಿಗೇ ಎದ್ದು ಒಟ್ಟಿಗೇ ಬೀಳುತ್ತಾರೆ. ಮರುಪ್ರಯತ್ನವಾಗುವ ಟ್ರಾನ್ಸಾಕ್ಷನ್ ಒಳಗೆ ಎಸ್‌ಎಂಎಸ್ ಕಳಿಸುವುದು, ಪೇಮೆಂಟ್ ಗೇಟ್‌ವೇಗೆ ಕರೆ ಮಾಡುವುದು ಸಲ್ಲದು. ಡೇಟಾಬೇಸ್ ರೋಲ್‌ಬ್ಯಾಕ್ ಆದರೂ ಹೋದ ಎಸ್‌ಎಂಎಸ್ ವಾಪಸ್ ಬರುವುದಿಲ್ಲ. 23505 ಅಥವಾ 22001 ಬಂದಾಗ ಸುಮ್ಮನೆ ಮರುಪ್ರಯತ್ನಿಸಿ ಫಲವಿಲ್ಲ, ಉದ್ದ ಮೀರಿದ ಹೆಸರು ಐದನೇ ಸಲಕ್ಕೂ ಉದ್ದವಾಗಿಯೇ ಇರುತ್ತದೆ.

ಎಲ್ಲಕ್ಕಿಂತ ಕಷ್ಟದ ಎರರ್ ಕಮಿಟ್ ಕಳಿಸಿ ಉತ್ತರಕ್ಕೆ ಕಾಯುತ್ತಿರುವಾಗ ಕನೆಕ್ಷನ್ ಕಡಿದುಹೋಗುವುದು. 08 ವರ್ಗದ ಎರರ್ ನಿಮ್ಮ ಕೈಗೆ ಬರುತ್ತದೆ, ಆದರೆ ಕೆಲಸ ಆಯಿತೋ ಇಲ್ಲವೋ ಅದು ಹೇಳುವುದಿಲ್ಲ. ಕಮಿಟ್ ಆಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು, ಕಮಿಟ್ಟೇ ತಲುಪದಿರಲೂಬಹುದು. ಇದನ್ನು ‘ಸೋತಿತು’ ಅಂತ ಬಗೆದು ಮರಳಿ ಮಾಡುವ ಕೋಡ್ ಇರುವ ಕಡೆಯೇ ಒಬ್ಬರ ಖಾತೆಗೆ ದುಡ್ಡು ಎರಡು ಸಲ ಬೀಳುವುದು. ಎಸ್‌ಕ್ಯೂಎಲ್ ಎಷ್ಟು ಜಾಣತನದಿಂದ ಬರೆದರೂ ಈ ಅನುಮಾನ ಹೋಗುವುದಿಲ್ಲ. ಹೋಗುವುದು ಮೇಲೆ ಹೇಳಿದ ರಿಕ್ವೆಸ್ಟ್ ಐಡಿಯಿಂದ ಮಾತ್ರ. ಐಡಿ ಟೇಬಲ್ಲಿನಲ್ಲಿದ್ದರೆ ಆಗಿದೆ, ಇಲ್ಲದಿದ್ದರೆ ಧೈರ್ಯವಾಗಿ ಮರಳಿ ಕಳಿಸಿ. ಹಣದ ಲೆಕ್ಕ ಮುಟ್ಟುವ ಯಾವ ಟೇಬಲ್ಲೂ ಇಂಥ ಐಡಿ ಇಲ್ಲದೆ ಇರಬಾರದು. ಈ ಒಂದು ವಿಷಯದಲ್ಲಿ ನಾನು ಯಾವ ಡೆಡ್‌ಲೈನಿಗೂ ರಾಜಿಯಾಗುವುದಿಲ್ಲ, ನೀವೂ ಆಗಬೇಡಿ.

ಮಿತಿಗಳ ಬಗ್ಗೆ ಎರಡೇ ಮಾತು. ಪೋಸ್ಟ್‌ಗ್ರೆಸ್‌ನಲ್ಲಿ ಸ್ಟೇಟ್‌ಮೆಂಟ್ ಟೈಮ್‌ಔಟ್, ಲಾಕ್ ಟೈಮ್‌ಔಟ್ ಎರಡೂ ಡೀಫಾಲ್ಟಾಗಿ ಸೊನ್ನೆ, ಅಂದರೆ ಮಿತಿಯೇ ಇಲ್ಲ. ನೀವೇ ಇಡಬೇಕು. ಕನೆಕ್ಷನ್‌ಗಳ ಡೀಫಾಲ್ಟ್ ಮಿತಿ ಪೋಸ್ಟ್‌ಗ್ರೆಸ್‌ಗೆ 100, ಮೈಎಸ್‌ಕ್ಯೂಎಲ್‌ಗೆ 151. ಇಪ್ಪತ್ತು ಕನೆಕ್ಷನ್ನಿನ ಪೂಲ್ ಇಟ್ಟುಕೊಂಡು ಆ್ಯಪಿನ ಹತ್ತು ಪ್ರತಿ ಓಡಿಸಿದರೆ ಎಲ್ಲಿಗೆ ಮುಟ್ಟುತ್ತದೆ ಅಂತ ನೀವೇ ಗುಣಿಸಿ ನೋಡಿ. ಪೂಲ್ ಖಾಲಿಯಾಗುತ್ತಿದ್ದರೆ ಗಾತ್ರ ಹೆಚ್ಚಿಸುವ ಮೊದಲು ಎರರ್ ಬಂದ ದಾರಿಯಲ್ಲಿ ಕನೆಕ್ಷನ್ ಪೂಲಿಗೆ ಮರಳುತ್ತಿದೆಯೇ ನೋಡಿ. ಸೋರಿಕೆ ಇರುವುದು ಸಾಮಾನ್ಯವಾಗಿ ಅಲ್ಲೇ.

ಇಷ್ಟೆಲ್ಲ ಎರರ್‌ಗಳು ನಿಮ್ಮ ಮೇಜಿನ ಮೇಲೇ ಬರಬೇಕು, ಜನರ ಫೋನಿಗೆ ಹೋಗುವ ಮೊದಲು. ಪ್ರೊಡಕ್ಷನ್‌ನಲ್ಲಿ ಪೋಸ್ಟ್‌ಗ್ರೆಸ್ ಇಟ್ಟುಕೊಂಡು ಟೆಸ್ಟ್‌ಗಳನ್ನು ಎಸ್‌ಕ್ಯೂಲೈಟ್ ಮೇಲೆ ಓಡಿಸುವ ಪ್ರಾಜೆಕ್ಟ್‌ಗಳು ಬಹಳ. ಬೇಗ ಓಡುತ್ತವೆ, ನಿಜ. ಆದರೆ ಎಸ್‌ಕ್ಯೂಲೈಟ್ ಡೀಫಾಲ್ಟಾಗಿ ಫಾರಿನ್ ಕೀ ತಪಾಸಣೆ ಮಾಡುವುದಿಲ್ಲ, ವಾರ್‌ಚಾರ್ 20 ಅಂತ ಬರೆದರೂ ಇನ್ನೂರು ಅಕ್ಷರ ತೆಗೆದುಕೊಳ್ಳುತ್ತದೆ. ನೀವು ಹಿಡಿಯಬೇಕಾದ 23503, 22001 ಅಲ್ಲಿ ಹುಟ್ಟುವುದೇ ಇಲ್ಲ. ಡಾಕರ್ ಕಂಪೋಸ್ ಫೈಲಿನಲ್ಲಿ ಪ್ರೊಡಕ್ಷನ್ನಿನ ಅದೇ ಡೇಟಾಬೇಸ್, ಅದೇ ಆವೃತ್ತಿಯ ಸಂಖ್ಯೆ ಬರೆದಿಡಿ, ‘ಲೇಟೆಸ್ಟ್’ ಅಂತ ಬರೆಯಬೇಡಿ. ರೆಪೊ ಕ್ಲೋನ್ ಮಾಡಿದ ಹೊಸಬರು ಒಂದೇ ಕಮಾಂಡಿನಲ್ಲಿ ಡೇಟಾಬೇಸ್ ಎಬ್ಬಿಸಿ, ಮೈಗ್ರೇಷನ್ ಓಡಿಸಿ, ಟೆಸ್ಟ್ ಮುಗಿಸುವಂತಿರಬೇಕು. ರೀಡ್‌ಮಿ ಸರಿಯಿದೆಯೇ ಅಂತ ಪರೀಕ್ಷಿಸಲು ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ, ಸೇರಿದ ಮೊದಲ ವಾರದಲ್ಲೇ ಆ ಕೆಲಸ ಅವರಿಗೆ ಕೊಡಿ. ಲೈಬ್ರರಿಗಳ ಲಾಕ್ ಫೈಲನ್ನು ಕಮಿಟ್ ಮಾಡಿ, ಸಿಐನಲ್ಲಿ ‘ಎನ್‌ಪಿಎಂ ಸಿಐ’ ಥರದ, ಲಾಕ್ ಫೈಲಿಗೆ ಬದ್ಧವಾದ ಕಮಾಂಡನ್ನೇ ಬಳಸಿ.

ಮೈಗ್ರೇಷನ್ ಬರೆಯುವಾಗ ಒಂದು ಸಂಗತಿ ನೆನಪಿರಲಿ. ಪೋಸ್ಟ್‌ಗ್ರೆಸ್‌ನಲ್ಲಿ ಆಲ್ಟರ್ ಟೇಬಲ್‌ನ ಬಹುಪಾಲು ರೂಪಗಳಿಗೆ ಟೇಬಲ್ಲಿನ ಮೇಲೆ ಯಾರನ್ನೂ ಬಿಡದಂಥ ಲಾಕ್ ಬೇಕು. ಯಾರೋ ಒಬ್ಬರ ಉದ್ದದ ರಿಪೋರ್ಟ್ ಕ್ವೆರಿ ಓಡುತ್ತಿದ್ದರೆ ಆಲ್ಟರ್ ಅದರ ಹಿಂದೆ ಕಾಯುತ್ತದೆ. ಆಲ್ಟರ್ ಹಿಂದೆ ಆಮೇಲೆ ಬಂದ ಮಾಮೂಲಿ ಸೆಲೆಕ್ಟ್‌ಗಳೂ ಕಾಯುತ್ತವೆ. ಒಂದು ಕಾಲಂ ಸೇರಿಸಲು ಹೋಗಿ ಇಡೀ ಆ್ಯಪ್ ನಿಲ್ಲುವುದು ಹೀಗೆ. ಮೈಗ್ರೇಷನ್ ಶುರುವಿನಲ್ಲೇ ಕೆಲವು ಸೆಕೆಂಡಿನ ಲಾಕ್ ಟೈಮ್‌ಔಟ್ ಇಟ್ಟರೆ ಅದು ಎರರ್ ಕೊಟ್ಟು ಹಿಂದೆ ಸರಿಯುತ್ತದೆ, ಆಮೇಲೆ ಮತ್ತೆ ಓಡಿಸಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಇಂಥ ಪ್ರತಿ ಆದೇಶವೂ ತಾನಾಗಿಯೇ ಕಮಿಟ್ ಆಗುತ್ತದೆ. ಮೂರು ಆದೇಶದ ಮೈಗ್ರೇಷನ್ ಎರಡನೆಯದರಲ್ಲಿ ಸೋತರೆ ಮೊದಲನೆಯದು ಹಾಗೆಯೇ ಉಳಿದಿರುತ್ತದೆ. ಅಲ್ಲಿ ಒಂದು ಫೈಲಿಗೆ ಒಂದೇ ಬದಲಾವಣೆ ಇರಲಿ.

ಕನ್ನಡದಲ್ಲಿ ಡೇಟಾ ತುಂಬುವ ನಮಗೆ ಇನ್ನೂ ಒಂದೆರಡು ಎರರ್‌ಗಳು ಹೆಚ್ಚಿಗೆ ಕಾದಿರುತ್ತವೆ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡಕ್ಷರ. ಯುನಿಕೋಡಿನಲ್ಲಿ ಅದು ಏಳು ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಇಂಗ್ಲಿಷ್ ಹೆಸರು ನೋಡಿ ಕಾಲಂ ಉದ್ದ ನಿರ್ಧರಿಸಿದರೆ ಊರು, ತಂದೆಯ ಹೆಸರು ಸೇರಿದ ಉದ್ದನೆಯ ಹೆಸರುಗಳಿಗೆ ಪೋಸ್ಟ್‌ಗ್ರೆಸ್ 22001 ಕೊಡುತ್ತದೆ. ಸ್ಟ್ರಿಕ್ಟ್ ಮೋಡ್ ಇಲ್ಲದ ಹಳೆಯ ಮೈಎಸ್‌ಕ್ಯೂಎಲ್ ಆದರೆ ಎರರನ್ನೂ ಕೊಡದೆ ಹೆಸರನ್ನು ನಡುವೆ ಕತ್ತರಿಸುತ್ತದೆ, ಕೊನೆಯ ಒತ್ತಕ್ಷರ ಮಾಯವಾಗಿರುತ್ತದೆ. ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ಮೂರು ಬೈಟಿಗೇ ನಿಲ್ಲುತ್ತದೆ. ಕನ್ನಡಕ್ಕೆ ಮೂರು ಬೈಟ್ ಸಾಕು, ಆದ್ದರಿಂದ ಕನ್ನಡ ಬರೆದು ಪರೀಕ್ಷಿಸಿದವರು ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಯಾರೋ ಒಂದು ಇಮೋಜಿ ಹಾಕಿದ ದಿನ ನಾಲ್ಕು ಬೈಟ್ ಬೇಕಾಗಿ 1366 ಎರರ್ ಬರುತ್ತದೆ. ‘ಯುಟಿಎಫ್8ಎಂಬಿ4’ ಬಳಸಿ. ಇದಕ್ಕಿಂತ ಸೂಕ್ಷ್ಮದ್ದು ಒಂದಿದೆ. ‘ಗೋಪಾಲ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟ್‌ಗಳು ಬೇರೆಯಾದ್ದರಿಂದ ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಯುನಿಕ್ ಕನ್‌ಸ್ಟ್ರೇಂಟಿಗೆ ಅವು ಎರಡು ಬೇರೆ ಹೆಸರು, 23505 ಬರಬೇಕಾದಲ್ಲಿ ಬರುವುದೇ ಇಲ್ಲ. ಒಳಬರುವ ಪಠ್ಯವನ್ನೆಲ್ಲ ಬಿಡಿ ಸಂಕೇತಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದು ಉಳಿಸಿ. ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ‘ನಾರ್ಮಲೈಸ್’ ಎಂಬ ಫಂಕ್ಷನ್ ಇದೆ, ನಿಮ್ಮ ಭಾಷೆಯ ಲೈಬ್ರರಿಯಲ್ಲೂ ಇರುತ್ತದೆ. ಟೆಸ್ಟ್ ಡೇಟಾದಲ್ಲಿ ಬರೀ ‘ಟೆಸ್ಟ್1’, ‘ಎಬಿಸಿ’ ಹಾಕುವ ಬದಲು ನಮ್ಮ ಊರುಗಳ, ನಮ್ಮ ಜನರ ಹೆಸರುಗಳನ್ನು ಕನ್ನಡದಲ್ಲೇ ಹಾಕಿ.

ಲಾಗ್ ವಿಷಯ. ಎರರನ್ನು ಮೇಲಿನ ಪದರಕ್ಕೆ ದಾಟಿಸುವಾಗ ಮೂಲ ಎರರನ್ನು ಕಳೆಯಬೇಡಿ, ಅದನ್ನು ಒಳಗಿಟ್ಟುಕೊಂಡೇ ದಾಟಿಸಿ. ಪ್ರತಿ ಪದರದಲ್ಲೂ ಲಾಗ್ ಮಾಡಬೇಡಿ, ಅದನ್ನು ಕೊನೆಗೆ ನಿಭಾಯಿಸುವವರು ಒಮ್ಮೆ ಮಾಡಿದರೆ ಸಾಕು. ಎಸ್‌ಕ್ಯೂಎಲ್ ಸ್ಟೇಟ್, ಕನ್‌ಸ್ಟ್ರೇಂಟ್ ಹೆಸರು, ರಿಕ್ವೆಸ್ಟ್ ಐಡಿ ಇರಲಿ. ಡೇಟಾಬೇಸಿನ ಹಸಿ ವಾಕ್ಯ ಬಳಕೆದಾರರ ಪರದೆಗೆ ಹೋಗಬಾರದು, ಟೇಬಲ್ ಹೆಸರು, ಕಾಲಂ ಹೆಸರು ಎಲ್ಲ ಅದರಲ್ಲಿ ಬಯಲಾಗುತ್ತವೆ. ಲಾಗ್‌ಗೆ ಹೋಗುವಾಗಲೂ ಎಚ್ಚರ ಬೇಕು. 23505ರ ಜೊತೆ ಪೋಸ್ಟ್‌ಗ್ರೆಸ್ ಕೊಡುವ ವಿವರದ ಸಾಲಿನಲ್ಲಿ ಘರ್ಷಣೆಯಾದ ಮೌಲ್ಯವೇ ಇರುತ್ತದೆ. ಕಾಲಂ ಫೋನ್ ನಂಬರಿನದಾದರೆ ಯಾರದ್ದೋ ಫೋನ್ ನಂಬರ್ ನಿಮ್ಮ ಲಾಗ್ ಫೈಲಿನಲ್ಲಿ, ಲಾಗ್ ಓದುವ ಎಲ್ಲರ ಕಣ್ಣಿಗೂ ಬೀಳುತ್ತದೆ. ನಮ್ಮ ದೇಶದಲ್ಲಿ 2023ರಲ್ಲಿ ವೈಯಕ್ತಿಕ ಡೇಟಾ ಸಂರಕ್ಷಣೆಗೆ ಕಾಯ್ದೆಯೇ ಬಂದಿದೆ. ಕಾಯ್ದೆ ಇಲ್ಲದಿದ್ದರೂ ನಮ್ಮನ್ನು ನಂಬಿ ನಂಬರ್ ಕೊಟ್ಟವರ ಮರ್ಯಾದೆ ನಮ್ಮ ಕೈಯಲ್ಲಿದೆ.

ಓದಿದ್ದು ಮರೆಯುತ್ತದೆ, ಕೈಯಾರೆ ಮಾಡಿದ್ದು ಉಳಿಯುತ್ತದೆ. ಆದ್ದರಿಂದ ಇದನ್ನು ಓದಿದ ದಿನವೇ ಒಂದು ಕೆಲಸ ಮಾಡಿ. ನಿಮ್ಮ ಲ್ಯಾಪ್‌ಟಾಪಿನ ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಸಾಲಿನ ಒಂದು ಖಾತೆ ಟೇಬಲ್ ಮಾಡಿ. ಎರಡು ಟರ್ಮಿನಲ್ ಕಿಟಕಿ ತೆರೆದು ಎರಡರಲ್ಲೂ ಪಿಎಸ್‌ಕ್ಯೂಎಲ್ ಶುರುಮಾಡಿ, ಎರಡರಲ್ಲೂ ‘ವರ್ಬಾಸಿಟಿ’ಯನ್ನು ‘ವರ್ಬೋಸ್’ ಮಾಡಿಕೊಳ್ಳಿ, ಎರರ್ ಕೋಡ್ ಕಾಣುವುದು ಆಗಲೇ. ಎರಡರಲ್ಲೂ ಬಿಗಿನ್ ಕೊಡಿ. ಮೊದಲ ಕಿಟಕಿಯಲ್ಲಿ 1ನೇ ಖಾತೆ ಅಪ್‌ಡೇಟ್ ಮಾಡಿ, ಎರಡನೆಯದರಲ್ಲಿ 2ನೇ ಖಾತೆ. ಈಗ ಮೊದಲನೆಯದರಲ್ಲಿ 2ನೇ ಖಾತೆ ಅಪ್‌ಡೇಟ್ ಮಾಡಿದರೆ ಅದು ಹಾಗೇ ನಿಲ್ಲುತ್ತದೆ. ಎರಡನೆಯದರಲ್ಲಿ 1ನೇ ಖಾತೆ ಅಪ್‌ಡೇಟ್ ಮಾಡಿ. ಸುಮಾರು ಒಂದು ಸೆಕೆಂಡಿನಲ್ಲಿ ಪೋಸ್ಟ್‌ಗ್ರೆಸ್ ಒಂದು ಕಿಟಕಿಗೆ 40ಪಿ01 ಕೊಟ್ಟು ಇನ್ನೊಂದನ್ನು ಮುಂದೆ ಬಿಡುತ್ತದೆ. ಸೋತ ಕಿಟಕಿಯಲ್ಲಿ ಯಾವುದಾದರೂ ಸೆಲೆಕ್ಟ್ ಕೊಟ್ಟು ನೋಡಿ, 25ಪಿ02 ಬರುತ್ತದೆ. ಎರಡರಲ್ಲೂ ರೋಲ್‌ಬ್ಯಾಕ್ ಕೊಟ್ಟು ಮತ್ತೆ ಶುರುಮಾಡಿ, ಈ ಸಲ ಎರಡೂ ಕಿಟಕಿಗಳಲ್ಲಿ ಮೊದಲು 1, ಆಮೇಲೆ 2 ಎಂಬ ಒಂದೇ ಕ್ರಮದಲ್ಲಿ ಅಪ್‌ಡೇಟ್ ಮಾಡಿ. ಮೊದಲನೆಯದು ಕಮಿಟ್ ಆಗುವವರೆಗೆ ಎರಡನೆಯದು ಕಾಯುತ್ತದೆ, ಡೆಡ್‌ಲಾಕ್ ಆಗುವುದಿಲ್ಲ.

ಆಮೇಲೆ ಇದೇ ಎರಡು ಕಿಟಕಿಗಳ ಆಟವನ್ನು ಎರಡು ಕನೆಕ್ಷನ್‌ಗಳ ಒಂದು ಆಟೊಮೇಟೆಡ್ ಟೆಸ್ಟ್ ಆಗಿ ಬರೆಯಿರಿ. ನಿಮ್ಮ ಪ್ರಾಜೆಕ್ಟಿನ ಮರುಪ್ರಯತ್ನದ ಕೋಡ್ 40ಪಿ01 ಬಂದಾಗ ಟ್ರಾನ್ಸಾಕ್ಷನ್ನನ್ನು ಬಿಗಿನ್‌ನಿಂದ ಓಡಿಸುತ್ತದೆಯೇ, 23505 ಬಂದಾಗ ಓಡಿಸದೆ ಬಿಡುತ್ತದೆಯೇ ಎರಡನ್ನೂ ಅದು ಪರೀಕ್ಷಿಸಲಿ. ನಿಮ್ಮ ಮುಂದಿನ ಪುಲ್ ರಿಕ್ವೆಸ್ಟ್ ಅದೇ ಆಗಿರಲಿ.

ಇಂತಿ ನಿಮ್ಮ,
ಒಬ್ಬ ಹಿರಿಯ ಸಹೋದ್ಯೋಗಿ